ಎಡಗಡೆಯ ಬಾಣ

ಸರೋಜಕ್ಕ, ಆ ದಿನ ನೀವು ಡಿ ಕೀಲಿ ಒತ್ತಿರಲಿಲ್ಲ. ಇದು ನನಗೆ ಗೊತ್ತು. ಆಗಲೂ ಗೊತ್ತಿತ್ತು — ಸಂಘದ ಕೋಣೆಯಲ್ಲಿ ಎಲ್ಲರೂ ನಿಮ್ಮ ಬೆರಳುಗಳನ್ನೇ ನೋಡುತ್ತ ಕುಳಿತಿದ್ದಾಗಲೂ ಗೊತ್ತಿತ್ತು, ಆದರೂ ನಾನು ಬಾಯಿ ಬಿಡಲಿಲ್ಲ. ಅಲ್ಲ, ಹಾಗೆ ಹೇಳುವುದೂ ಸರಿಯಲ್ಲ. ಬಿಟ್ಟೆ. ಒಂದೇ ಒಂದು ವಾಕ್ಯ ಹೇಳಿದೆ. ಆ ವಾಕ್ಯದಿಂದ ನಿಮ್ಮ ಕೆಲಸ ಹೋಯಿತು; ಜೀಪ್ ಓಡಿಸುತ್ತಿದ್ದ ಹಂಸ ನಿಮ್ಮೊಂದಿಗೆ ಮಾತು ಬಿಟ್ಟರು.

ಇದನ್ನು ನಿಮ್ಮೊಬ್ಬರಿಗೇ ಹೇಳಿ ಮುಗಿಸಿದರೆ ಸಾಲದು. ನಿಮ್ಮ ಮೇಲಿನ ಆರೋಪ ಹತ್ತಾರು ಜನರ ಎದುರಿಗೆ ಬಂದದ್ದು. ಹಾಗಾಗಿ ಇತರರೂ ಓದುವಂತೆ ಬರೆಯುತ್ತಿದ್ದೇನೆ, ನಿಮಗೆ ಗೊತ್ತಿರುವುದನ್ನೂ ಸೇರಿಸಿ.

ನಾನು ಶನಿವಾರಸಂತೆಯ ಕಡೆಯವಳು. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ, ಗೋಣಿಕೊಪ್ಪಲಿನ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ಕಾಫಿ ಬೆಳೆಗಾರರ ಸಂಘದವರು ಒಂದು ಪ್ರೋಗ್ರಾಂ ಬರೆದುಕೊಡಬೇಕೆಂದು ಕೇಳಿದರು. ತೋಟಗಳ ನಡುವಿನ ರಸ್ತೆಗಳನ್ನು ಒಂಬತ್ತು ಜಾಗಗಳಾಗಿ ಗುರುತಿಸಿದ್ದರು. ಯಾವ ಜಾಗದಲ್ಲಿ ಆನೆ ಕಂಡರೂ ಕಾವಲಿನವರು ಸಂಘಕ್ಕೆ ಫೋನ್ ಮಾಡುತ್ತಾರೆ; ಸಂಘದಿಂದ ಜೀಪಿನವರಿಗೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳಿಗೆ, ಕೆಲಸಗಾರರ ಲೈನುಮನೆಗಳಲ್ಲಿ ಇರುವವರಿಗೆ ಮೆಸೇಜ್ ಹೋಗಬೇಕು. ಫೋನ್ ಎತ್ತಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು ನೀವು.

ನಾನು ಬರೆದದ್ದು ಸರಳವಾದ ಪ್ರೋಗ್ರಾಂ. ಕಪ್ಪು ಪರದೆ, ಅದರ ಮೇಲೆ ಅಕ್ಷರಗಳು, ಅಷ್ಟೇ, ಮೌಸ್ ಬೇಡ. ಜಾಗದ ಅಂಕಿ ಒತ್ತಿ, ಒಂದು ಅಕ್ಷರ ಒತ್ತಿ, ಎಂಟರ್ ಒತ್ತಿದರೆ ಮೆಸೇಜ್ ಹೋಗುತ್ತಿತ್ತು. ‘ಆನೆ ಇದೆ’ ಎನ್ನಲು ಎ. ಆನೆ ಹೋದ ಮೇಲೆ ಕಳುಹಿಸಲು ನಾನು ಇಟ್ಟಿದ್ದ ಮಾತು ‘ಮಾರ್ಗ ಸುರಕ್ಷಿತವಾಗಿದೆ’ — ಅದಕ್ಕೆ ಎಸ್. ನೀವು ಅದನ್ನು ಓದಿ ನಕ್ಕಿದ್ದು ನೆನಪಿದೆ.

“ಎಂಥ ಮಾರಾಯ್ತಿ ಇದು, ರೇಡಿಯೋ ವಾರ್ತೆ ಓದಿದ ಹಾಗೆ! ಇಲ್ಲಿ ಯಾರೂ ಸುರಕ್ಷಿತ ಅಂತ ಹೇಳುದಿಲ್ಲ. ದಾಟ್ತು ಅಂತ ಹಾಕು. ಆನೆ ದಾಟ್ತು ಅಂದ್ರೆ ಚಿಕ್ಕ ಮಕ್ಕಳಿಗೂ ಗೊತ್ತಾಗ್ತದೆ.”

‘ದಾಟಿತು’ ಎಂದು ತಿದ್ದಿದೆ. ಎಸ್ ಹೋಗಿ ಡಿ ಬಂತು. ಇದನ್ನು ಇಲ್ಲಿ ಬರೆಯಲು ಹಿಂಜರಿಯುತ್ತಿದ್ದೇನೆ — ತಪ್ಪಿನ ಒಂದು ಚೂರನ್ನು ನಿಮ್ಮ ಕಡೆಗೆ ತಳ್ಳಿದಂತೆ ಕಂಡೀತು. ಹಾಗಲ್ಲ. ನಿಮ್ಮ ಪದ ಸರಿಯಾಗಿತ್ತು. ಆ ಪದವನ್ನು ಯಾವ ಕೀಲಿಗೆ ಕಟ್ಟುತ್ತಿದ್ದೇನೆಂದು ನೋಡಬೇಕಾಗಿದ್ದವಳು ನಾನು.

ಇನ್ನೊಂದು ಮಾತನ್ನೂ ನೀವು ಕೇಳಿದ್ದಿರಿ. ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡು ಪ್ರತಿ ಸಲವೂ ಎಂಟರ್ ಒತ್ತುವುದು ತಡವಾಗುತ್ತದೆ, ಅದನ್ನು ತೆಗೆಯಬಹುದೇ ಎಂದು. ತೆಗೆಯಬಹುದಿತ್ತು. ಪ್ರೋಗ್ರಾಂಗಳು ಸಾಮಾನ್ಯವಾಗಿ ಎಂಟರ್ ಒತ್ತುವ ತನಕ ಕಾಯುತ್ತವೆ; ಅಲ್ಲಿಯವರೆಗೆ ಬರೆದದ್ದನ್ನು ಅಳಿಸಬಹುದು, ತಿದ್ದಬಹುದು. ಕಾಯಬೇಡ, ಒಂದೊಂದು ಕೀಲಿಯನ್ನೂ ಒತ್ತಿದ ಕೂಡಲೇ ಓದಿಕೋ ಎಂದು ಹೇಳುವ ವಿಧಾನವೂ ಇದೆ. ಅದನ್ನು ಒಂದು ಸಂಜೆಯಲ್ಲಿ ಮಾಡಿಕೊಟ್ಟೆ. ಬೆರಳು ತಾಗುತ್ತಿದ್ದ ಹಾಗೆ ಮೆಸೇಜ್ ಹೊರಡುತ್ತಿತ್ತು. ಎಲ್ಲರೂ ಹೊಗಳಿದರು. ಹೊಗಳಿಕೆ ನನಗೆ ಹಿಡಿಸಿತು — ಹೆಚ್ಚು ಮಾತಾಡದವರಿಗೆ ಹೊಗಳಿಕೆ ಹಿಡಿಸುವುದಿಲ್ಲ ಎಂದು ಜನ ತಿಳಿಯುತ್ತಾರೆ. ನಾನು ಆ ಸಂಜೆಯ ಮಾತುಗಳನ್ನು ಕೋಣೆಗೆ ಬಂದ ಮೇಲೂ ಮತ್ತೆ ಮತ್ತೆ ನೆನೆದುಕೊಂಡೆ.

ಆದರೆ ಬಾಣದ ಕೀಲಿಗಳು. ಅಕ್ಷರದ ಕೀಲಿ ಒತ್ತಿದರೆ ಪ್ರೋಗ್ರಾಂಗೆ ಒಂದೇ ಸಂಕೇತ ತಲುಪುತ್ತದೆ. ಬಾಣ ಹಾಗಲ್ಲ — ಒಮ್ಮೆ ಒತ್ತಿದರೂ ಮೂರು ಸಂಕೇತಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದು ಎಸ್ಕೇಪ್ ಕೀಲಿಯದು, ಎರಡನೆಯದು ಒಂದು ಚೌಕ ಆವರಣದ ಚಿಹ್ನೆ, ಮೂರನೆಯದು ಇಂಗ್ಲಿಷಿನ ಒಂದು ದೊಡ್ಡ ಅಕ್ಷರ. ಎಡಗಡೆಯ ಬಾಣಕ್ಕೆ ಆ ಅಕ್ಷರ ಡಿ. ಮೂರನ್ನೂ ಸೇರಿಸಿ ಒಂದು ಎಂದು ಓದಲು ಪ್ರೋಗ್ರಾಂಗೆ ಕಲಿಸಬೇಕು. ನಾನು ಕಲಿಸಿರಲಿಲ್ಲ. ಗುರುತಿಲ್ಲದ ಕೀಲಿ ಬಂದರೆ ಬಿಟ್ಟುಬಿಡು, ಅಕ್ಷರ ದೊಡ್ಡದಿರಲಿ ಚಿಕ್ಕದಿರಲಿ ಒಪ್ಪಿಕೋ ಎಂದಷ್ಟೇ ಹೇಳಿದ್ದೆ. ಎರಡೂ ಬಳಸುವವರ ಅನುಕೂಲಕ್ಕೆಂದೇ ಬರೆದ ಸಾಲುಗಳು. ಅವುಗಳ ಪಕ್ಕದಲ್ಲಿ ನನಗೇ ನಾನು ಒಂದು ಟಿಪ್ಪಣಿ ಬರೆದುಕೊಂಡಿದ್ದೆ: ‘ಬಾಣದ ಕೀಲಿ — ಆಮೇಲೆ ನೋಡುವುದು.’

ಗೊತ್ತಿತ್ತು ಎಂದರೆ ಅಷ್ಟು ಗೊತ್ತಿತ್ತು.

ಆ ಮಧ್ಯಾಹ್ನ ನಾಲ್ಕನೇ ಜಾಗಕ್ಕೆ ‘ಆನೆ ಇದೆ’ ಎಂದು ನೀವು ಸರಿಯಾಗಿಯೇ ಕಳುಹಿಸಿದ್ದಿರಿ. ಹಂಸ ಕಾಫಿ ಕೊಯ್ಯುವ ಪಿಕ್ಕಿಂಗಿನ ಹೆಂಗಸರನ್ನು ಲೈನಿನಲ್ಲಿ ಇಳಿಸಿ ಒಬ್ಬರೇ ವಾಪಸು ಬರುತ್ತಿದ್ದವರು, ಮೆಸೇಜ್ ನೋಡಿ ನಾಲ್ಕನೇ ಜಾಗದ ತಿರುವಿನ ಹಿಂದೆ ಜೀಪ್ ನಿಲ್ಲಿಸಿ, ನಿಮಗೆ ಫೋನ್ ಮಾಡಿದರು. ನಾನು ಪ್ರಿಂಟರ್ ಸರಿಮಾಡಲು ಬಂದು ನಿಮ್ಮ ಹಿಂದಿನ ಮೇಜಿನಲ್ಲಿದ್ದೆ. ಸ್ಪೀಕರಿನಲ್ಲಿ ಅವರ ಮಾತು ಕೇಳುತ್ತಿತ್ತು.

“ಸರೋಜಕ್ಕಾ, ನಿಮ್ಮ ಮಾವ ಇನ್ನೂ ರಸ್ತೆಯಲ್ಲೇ ಉಂಟಾ?”

“ಉಂಟು. ಸೊಸೆಯ ಮನೆಗೆ ಬಂದವರು ಊಟ ಮಾಡದೆ ಹೋಗ್ತಾರಾ? ಸುಮ್ಮನೆ ಕೂತ್ಕೋ.”

“ಸರಿ. ಹೊರಟಾಗ ಹೇಳಿ. ನನಗೂ ಹಸಿವಾಗ್ತದೆ.”

ಆನೆಯನ್ನು ಮಾವ ಎಂದು ಕರೆದು ನೀವಿಬ್ಬರೂ ದಿನವೂ ಆಡುತ್ತಿದ್ದ ತಮಾಷೆ. ಕೊನೆಯ ಸಲ ಎಂದು ಯಾರಿಗೆ ಗೊತ್ತಿತ್ತು — ಬೇಡ, ಹೀಗೆ ಬರೆದರೆ ಇದು ವಿಧಿಯ ಕಥೆಯಾಗುತ್ತದೆ. ಇದು ವಿಧಿಯಲ್ಲ.

ಆಮೇಲೆ ಕಾವಲಿನವನ ಫೋನ್ ಬಂತು: ಐದನೇ ಜಾಗದಲ್ಲೂ ಆನೆ. ಅವನು ಓಡುತ್ತ ಕೂಗುತ್ತಿದ್ದ. ನೀವು ಐದು ಒತ್ತಲು ಹೋಗಿ ಪಕ್ಕದ ನಾಲ್ಕನ್ನು ಒತ್ತಿದಿರಿ. ಕೂಡಲೇ ತಿಳಿಯಿತು. ಹಿಂದಕ್ಕೆ ಹೋಗಿ ಸರಿಪಡಿಸಲು ಎಡಗಡೆಯ ಬಾಣ ಒತ್ತಿದಿರಿ — ವರ್ಷಗಳಿಂದ ಟೈಪಿಂಗ್ ಮಾಡಿದ ಯಾರ ಬೆರಳೂ ಹೋಗುವುದು ಅಲ್ಲಿಗೇ. ಆಮೇಲೆ ಐದು, ಆಮೇಲೆ ಎ. ಆ ಕೂಗಿನ ನಡುವೆ ಪರದೆ ನೋಡಲು ನಿಮಗೆ ಬಿಡುವಿರಲಿಲ್ಲ; ನಿಮ್ಮ ಪ್ರಕಾರ ಕಳುಹಿಸಿದ್ದು ಒಂದೇ ಮೆಸೇಜ್. ಪ್ರೋಗ್ರಾಂ ಎರಡು ಕಳುಹಿಸಿತ್ತು. ಎಸ್ಕೇಪನ್ನು ಬಿಟ್ಟಿತು, ಆವರಣದ ಚಿಹ್ನೆಯನ್ನು ಬಿಟ್ಟಿತು, ಬಾಲದ ಡಿಯನ್ನು ಮಾತ್ರ ಹಿಡಿದುಕೊಂಡಿತು. ನಾಲ್ಕನೇ ಜಾಗ: ದಾಟಿತು.

ಹಂಸ ಜೀಪ್ ಸ್ಟಾರ್ಟ್ ಮಾಡಿದರು. ತಿರುವಿನಾಚೆ ಮರಿಯ ಜೊತೆ ತಾಯಿ ಆನೆ ನಿಂತಿತ್ತು. ಅದು ನುಗ್ಗಿದಾಗ ಜೀಪ್ ಮಗುಚಿ ಅವರ ಬಲಗಾಲು ಅಡಿಯಲ್ಲಿ ಸಿಕ್ಕಿತು. ಜೀವ ಉಳಿಯಿತು. ಕಾಲು ಮತ್ತೆ ನೆಟ್ಟಗಾಗಲಿಲ್ಲ. ಈಗ ಅವರು ಜೀಪ್ ಓಡಿಸುವುದಿಲ್ಲ. ತಮ್ಮನ ಅಂಗಡಿಯಲ್ಲಿ ಕೂರುತ್ತಾರೆ.

ಮರುದಿನ ಸಂಘದ ಸಭೆ. ಕಂಪ್ಯೂಟರಿನಲ್ಲಿ ಉಳಿದಿದ್ದದ್ದು ಪ್ರೋಗ್ರಾಂ ಒಪ್ಪಿಕೊಂಡ ಕೀಲಿಗಳು ಮಾತ್ರ, ಬಿಟ್ಟವುಗಳಲ್ಲ. ಹಾಗಾಗಿ ನಾಲ್ಕು ಇತ್ತು, ಡಿ ಇತ್ತು. ನೀವು ಎದ್ದು ನಿಂತು ಹೇಳಿದಿರಿ:

“ನಾನು ಡಿ ಒತ್ತಲಿಲ್ಲ. ಹಿಂದೆ ಹೋಗ್ಲಿಕ್ಕೆ ಬಾಣ ಒತ್ತಿದ್ದು. ಬಾಣ ಮಾತ್ರ.”

ಹಿಂದಿನ ಸಾಲಿನಿಂದ ಯಾರೋ ಅಂದರು: “ಬಾಣ ಬಿಟ್ರಾ ಸರೋಜಮ್ಮ? ಗುರಿ ಒಳ್ಳೇದುಂಟು. ಸೀದಾ ಹಂಸನಿಗೇ ತಾಗ್ತಲ್ಲ!”

ಕೆಲವರು ನಕ್ಕರು. ಅಧ್ಯಕ್ಷರು ಅವರನ್ನು ಗದರಿಸಿ ನನ್ನತ್ತ ತಿರುಗಿದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು.

“ಮೇಡಂ, ನಿಮ್ಮ ಪ್ರೋಗ್ರಾಂನಲ್ಲಿ ಏನಾದ್ರೂ ತಪ್ಪಾಗಿರಬಹುದಾ?”

ಬಾಣ ಎಂಬ ಪದ ಕಿವಿಗೆ ಬಿದ್ದ ಗಳಿಗೆಯಲ್ಲೇ ಎಲ್ಲವೂ ಕಣ್ಣ ಮುಂದೆ ಬಂದಿತ್ತು — ಮೂರು ಸಂಕೇತಗಳು, ಬಿಟ್ಟ ಎರಡು, ಹಿಡಿದ ಒಂದು, ನನ್ನ ಟಿಪ್ಪಣಿ. ಬರೀ ಅನುಮಾನವಿತ್ತು, ಖಚಿತವಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಖಚಿತವಿತ್ತು. ನಾನು ಹೇಳಿದ್ದು ಇಷ್ಟು:

“ಒತ್ತಿದ್ದನ್ನೇ ಅದು ಓದುತ್ತದೆ, ಸರ್.”

ನೀವು ನನ್ನ ಕಡೆ ನೋಡಿದಿರಿ. ಕೋಪದಿಂದಲ್ಲ. ನಾನು ಇನ್ನೂ ಏನೋ ಹೇಳುವವಳಿದ್ದೇನೆ ಎಂಬಂತೆ, ಕಾಯುವ ಹಾಗೆ. ನಾನು ಮೇಜಿನ ಅಂಚು ನೋಡುತ್ತ ಕುಳಿತೆ.

ಆ ವಾಕ್ಯವನ್ನು ಬಿಡಿಸಿ ನೋಡುತ್ತಲೇ ಇದ್ದೇನೆ. ಎಡಗಡೆಯ ಬಾಣದೊಳಗೆ ಡಿ ಇರುತ್ತದೆ. ಆದ್ದರಿಂದ ಪ್ರೋಗ್ರಾಂ ಡಿ ಓದಿದ್ದು ನಿಜ. ಆದ್ದರಿಂದ ನಾನು ಹೇಳಿದ್ದು... ಬಸ್ಸಿನಲ್ಲಿ, ತರಗತಿಯ ನಡುವೆ, ಪಾತ್ರೆ ತೊಳೆಯುವಾಗ ಈ ವಾದ ತಾನೇ ಶುರುವಾಗುತ್ತದೆ, ಮುಗಿಯುವುದಿಲ್ಲ. ಲೆಕ್ಕಾಚಾರದ ಮಾತಾಡುವವಳು ಹೇಳಬಹುದಾದ ಅತಿ ನಿಖರವಾದ ಸುಳ್ಳನ್ನು ನಾನು ಹೇಳಿದೆ.

ಸಭೆ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಮೆಸೇಜ್ ಹೊರಗೆ ಹೋಗದ ಹಾಗೆ ಮಾಡಿ, ನಾಲ್ಕು ಒತ್ತಿ, ಎಡಗಡೆಯ ಬಾಣ ಒತ್ತಿದೆ. ‘ದಾಟಿತು — ಕಳುಹಿಸಲಾಗಿದೆ.’ ಬಾಣವನ್ನು ಬಾಣವೆಂದೇ ಓದುವಂತೆ ತಿದ್ದಲು ಕೆಲವೇ ಸಾಲುಗಳು ಸಾಕಾದವು. ತಿದ್ದಿ, ನನ್ನ ಹಳೆಯ ಟಿಪ್ಪಣಿಯನ್ನೂ ಅಳಿಸಿದೆ. ಅಧ್ಯಕ್ಷರಿಗೆ ಸಣ್ಣ ಸುಧಾರಣೆ ಮಾಡಿದ್ದೇನೆ ಎಂದೆ. ನಿಮಗೆ ಅವರು ‘ನಾಳೆಯಿಂದ ಬರೋದು ಬೇಡ’ ಎಂದಿದ್ದರು. ನಿಮ್ಮ ಜಾಗಕ್ಕೆ ಬಂದವರಿಂದ ಅಂಥ ತಪ್ಪು ಮತ್ತೆ ಆಗಲಿಲ್ಲ. “ನೋಡಿ, ಈಗ ಸರಿಯಾಗಿ ನಡೀತದೆ” ಎಂದು ಜನ ಅಂದರು. ನಾನು ತಲೆಯಾಡಿಸಿದೆ.

ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಇದನ್ನೂ ಒಪ್ಪಿಕೊಳ್ಳುತ್ತೇನೆ: ತಾನಾಗಿ ಎಚ್ಚೆತ್ತ ಮನಸ್ಸಲ್ಲ ನನ್ನದು. ಹೋದ ತಿಂಗಳು ಪೊನ್ನಂಪೇಟೆಯ ಸರ್ಕಾರಿ ಕಚೇರಿಯೊಂದಕ್ಕೆ ಅರ್ಜಿ ಕೊಡಲು ಹೋಗಿದ್ದೆ. ಟೈಪ್ ಮಾಡಿಸಲು ಎದುರಿನ ಜೆರಾಕ್ಸ್ ಅಂಗಡಿಗೆ ಹೊಕ್ಕರೆ, ಒಳಗೆ ನೀವು.

ಸಂತೋಷಪಟ್ಟಿರಿ. ಕುರ್ಚಿ ಎಳೆದುಕೊಟ್ಟಿರಿ. “ಇನ್ನೂ ತೆಳ್ಳಗಾಗಿದ್ದೀಯಲ್ಲ ಮಾರಾಯ್ತಿ, ಮಕ್ಕಳಿಗೆ ಪಾಠ ಮಾಡಿ ಮಾಡಿಯಾ?” ಎಂದಿರಿ. ಆಮೇಲೆ ಟೈಪ್ ಮಾಡಲು ಕುಳಿತಿರಿ.

ನೀವು ಟೈಪ್ ಮಾಡುವುದನ್ನು ನಾನು ಹಿಂದೆ ನೋಡಿದ್ದೆ. ಕೀಲಿಮಣೆಯ ಕಡೆ ನೋಡುತ್ತಲೇ ಇರಲಿಲ್ಲ. ಮಾತಾಡುತ್ತ, ನಗುತ್ತ, ಹತ್ತು ಬೆರಳೂ ಓಡುತ್ತಿದ್ದವು. ಅವತ್ತು ಒಂದೇ ಬೆರಳು. ಪ್ರತಿ ಅಕ್ಷರವನ್ನೂ ಮೊದಲು ಮೆಲ್ಲಗೆ ಬಾಯಲ್ಲಿ ಹೇಳಿ, ಕೀಲಿಯನ್ನು ಹುಡುಕಿ, ಒತ್ತಿ, ತಲೆಯೆತ್ತಿ ಪರದೆ ನೋಡಿ — ಆಮೇಲೆ ಮುಂದಿನದು. ಹಿಂದೆ ನಿಂತ ಗಿರಾಕಿ ನಿಟ್ಟುಸಿರು ಬಿಟ್ಟರೂ ನಿಮ್ಮ ಬೆರಳು ಅವಸರ ಮಾಡಲಿಲ್ಲ.

ನಾನು ನೋಡುತ್ತಿರುವುದು ನಿಮಗೆ ಗೊತ್ತಾಯಿತು.

“ತಡ ಆಗ್ತದೆ, ಅಲ್ಲಾ? ಎಂಥ ಮಾಡುದು. ಬೆರಳನ್ನು ನಂಬ್ಲಿಕ್ಕೆ ಆಗುದಿಲ್ಲ.” ಆಮೇಲೆ, ಪರದೆಯ ಕಡೆಗೇ ನೋಡುತ್ತ ಹೇಳಿದಿರಿ: “ಅವತ್ತು ಬಾಣ ಒತ್ತಿದ್ದು ಅಂತ ಸುಮ್ಮನೆ ಹಟ ಮಾಡಿದೆ ನಾನು. ಡಿಯನ್ನೇ ಒತ್ತಿರ್ಬೇಕು. ಈಗ ನೆನಪು ಮಾಡಿದ್ರೆ ಬೆರಳು ಡಿ ಮೇಲೇ ಹೋದ ಹಾಗೆ ಕಾಣ್ತದೆ. ಪಾಪ ಹಂಸ.”

ನಾನು ಆಗಲೂ ಹೇಳಲಿಲ್ಲ. ಅರ್ಜಿ ತೆಗೆದುಕೊಂಡು ಹೊರಟುಬಂದೆ. ಅದು ಎರಡನೆಯ ತಪ್ಪು, ಬಹುಶಃ ಮೊದಲನೆಯದಕ್ಕಿಂತ ದೊಡ್ಡದು. ಕೆಲಸ ಕಿತ್ತುಕೊಂಡೆ, ಸ್ನೇಹ ಕಿತ್ತುಕೊಂಡೆ ಎಂದು ತಿಳಿದಿದ್ದೆ. ನಿಮ್ಮ ನೆನಪನ್ನೂ ಕಿತ್ತುಕೊಂಡು ಅಲ್ಲಿ ನನ್ನ ಸುಳ್ಳನ್ನು ಇಟ್ಟಿದ್ದೇನೆ ಎಂದು ತಿಳಿದಿರಲಿಲ್ಲ. ಅಂದಿನಿಂದ ಎಲ್ಲೂ ಕುಳಿತಲ್ಲಿ ಕೂರಲಾಗುತ್ತಿಲ್ಲ.

ಸರೋಜಕ್ಕ, ನಿಮ್ಮ ಬೆರಳು ಡಿ ಮೇಲೆ ಹೋಗಿರಲಿಲ್ಲ. ಎಡಗಡೆಯ ಬಾಣದ ಮೇಲೆ ಹೋಗಿತ್ತು. ನಿಮ್ಮ ಮೊದಲ ನೆನಪೇ ನಿಜ. ದಯವಿಟ್ಟು ಅದನ್ನು ವಾಪಸು ತೆಗೆದುಕೊಳ್ಳಿ.

ಈ ಹಾಳೆಗಳನ್ನು ನಾಳೆ ಪೊನ್ನಂಪೇಟೆಗೆ ತಂದು ನಿಮ್ಮ ಕೈಗೇ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ. ಅಲ್ಲಿಂದ ಹಂಸ ಕೂರುವ ಅಂಗಡಿಗೆ. ಹಳೆಯ ಪ್ರೋಗ್ರಾಂನ ಒಂದು ಪ್ರತಿ ನನ್ನ ಬಳಿ ಉಳಿದಿದೆ. ಅವರು ಕೇಳಿದರೆ ತೋರಿಸುತ್ತೇನೆ. ಆದರೆ ಅದನ್ನು ತೋರಿಸುವ ಮೊದಲು ಬಾಯಿಬಿಟ್ಟು ಹೇಳುತ್ತೇನೆ, ಯಂತ್ರದ ಹಿಂದೆ ನಿಲ್ಲುವುದಿಲ್ಲ. ಅವರು ಏನು ಹೇಳುತ್ತಾರೋ, ನೀವು ಏನು ಹೇಳುತ್ತೀರೋ — ಅದನ್ನು ಮೊದಲೇ ಊಹಿಸಿಕೊಂಡು ಸಿದ್ಧವಾಗುವುದು ನನ್ನ ಅಭ್ಯಾಸ. ಈ ಸಲ ಊಹಿಸುವುದಿಲ್ಲ.

ಆಮೇಲೆ ಸಂಘದ ಸಭೆ. ಅದೇ ಕೋಣೆ, ಅದೇ ಜನ. ಅಧ್ಯಕ್ಷರು ಆ ಪ್ರಶ್ನೆಯನ್ನು ಮತ್ತೆ ಕೇಳಲಿಕ್ಕಿಲ್ಲ. ಕೇಳದಿದ್ದರೂ ಎದ್ದು ನಿಂತು ಉತ್ತರ ಕೊಡುತ್ತೇನೆ: ಸರೋಜಕ್ಕ ಒತ್ತಿದ್ದು ಒಂದು, ಪ್ರೋಗ್ರಾಂ ಓದಿದ್ದು ಇನ್ನೊಂದು, ಮತ್ತು ಅದು ನನಗೆ ಗೊತ್ತಿತ್ತು.