ನಾಲ್ಕು ಗುಳಿಗೆ ಉಳಿದ ತಿಂಗಳು

1963ರ ಮಾತು. ನಾನು ಆಡೂರಿನಿಂದ ಹಾನಗಲ್ಲಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ದಿನಚರಿ ಬರೆಯುವ ರೂಢಿ ಆಗಲೇ ಇತ್ತು. ಎಂಟು ವರ್ಷದ ತಂಗಿ ಗಿರಿಜಾಳ ಕುತ್ತಿಗೆಯಲ್ಲಿ ಗಂಟು ಕಂಡದ್ದು ಜುಲೈ 9ರಂದು ಎಂದು ಅದರಲ್ಲಿದೆ. ಮೂರು ತಿಂಗಳು ಲೇಪ ಹಚ್ಚಿದೆವು. ಅಡಿಕೆಯಷ್ಟಿದ್ದ ಗಂಟು ನೆಲ್ಲಿಕಾಯಿಯಷ್ಟಾಯಿತು.

ಕೊನೆಗೆ ಅಪ್ಪ ಅವಳನ್ನು ಹಾನಗಲ್ಲಿನ ಡಾಕ್ಟರರಿಗೆ ತೋರಿಸಿದ. ಜೊತೆಗೆ ನಾನೂ ಇದ್ದೆ. ಅವರು ಮುಂಗೈಗೆ ಸೂಜಿ ಚುಚ್ಚಿ ಮೂರನೆಯ ದಿನ ಬರಹೇಳಿದರು. ಆ ಹೊತ್ತಿಗೆ ಚುಚ್ಚಿದಲ್ಲಿ ಬಾವು ಎದ್ದಿತ್ತು; ಅದು ರೋಗದ ಸುಳಿವಂತೆ. ಆಮೇಲೆ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಷಯ ಎಂದು ಗೊತ್ತಾಯಿತು.

"ಹುಡುಗಿಗೆ ಕೆಮ್ಮ ಇಲ್ಲಲ್ರೀ!" ಅಂದ ಅಪ್ಪ.

"ಬರೇ ಎದಿಗೆ ಬರೂ ಬ್ಯಾನಿ ಅಲ್ರಿ ಇದು. ಮಕ್ಕಳ ಕುತ್ತಿಗಿ ಗಂಟಿಗೂ ಬರ್ತೈತಿ. ಖರೇನ ವಾಸಿ ಆಗ್ತೈತಿ. ಆದ್ರ ಒಂದೂವರಿ ವರ್ಷ ಒಂದ ದಿನಾನೂ ಔಷಧ ತಪ್ಪಬಾರ್ದು" ಎಂದರು ಡಾಕ್ಟರು.

ಮೊದಲು ಸೂಜಿಮದ್ದು, ಜೊತೆಗೆ ದಿನಕ್ಕೊಂದು ಗುಳಿಗೆ. ಮುಂಜಾನೆ ಗುಳಿಗೆ ಕೊಡುವುದು ಅಜ್ಜಿಯ ಕೆಲಸ, ಸಂಜೆ ದಿನಚರಿಯಲ್ಲಿ ಗೆರೆ ಎಳೆಯುವುದು ನನ್ನದು. ನಾಲ್ಕು ವಾರಕ್ಕೆ ಇಪ್ಪತ್ತೆಂಟು ಗೆರೆ ಆದವು. ಡಾಕ್ಟರು ಕೊಟ್ಟದ್ದೂ ಇಪ್ಪತ್ತೆಂಟೇ ಗುಳಿಗೆ; ಡಬ್ಬಿ ಬರಿದಾಗಿರಬೇಕಿತ್ತು. ನಾಲ್ಕು ಗುಳಿಗೆ ಉಳಿದಿದ್ದವು.

"ಅಜ್ಜೀ, ಇವು ಹೆಂಗ ಉಳದ್ವು?"

"ಲೆಕ್ಕದಾಕಿ ಬಂದ್ಲು ನೋಡ್ರಿ!" ಎಂದು ನಕ್ಕವಳು ಆಮೇಲೆ ಮೆಲ್ಲಗೆ ಹೇಳಿದಳು, "ಆಕಿ ಆರಾಮಾಗ್ಲಿ ಅಂತ ದೇವ್ರಿಗೆ ಹರಕಿ ಹೊತ್ತೇನಿ. ಸೋಮವಾರ ಆಕಿಗೆ ಹಾಲು, ಬಾಳಿಹಣ್ಣು ಅಷ್ಟ. ಉಪವಾಸದಾಗ ಗುಳಿಗಿ ಹೆಂಗ ಕೊಡ್ಲಿ?"

ದಿನಚರಿ ತೆರೆದು ಸೋಮವಾರಗಳನ್ನು ಹುಡುಕಿದೆ. ಆ ನಾಲ್ಕು ದಿನವೂ ಯಾರನ್ನೂ ಕೇಳದೆ ಗೆರೆ ಎಳೆದವಳು ನಾನೇ.

ಮರುದಿನ ಅಜ್ಜಿಯೂ ನಮ್ಮ ಜೊತೆ ಹಾನಗಲ್ಲಿಗೆ ಬಂದಳು. ನಡೆದದ್ದನ್ನೆಲ್ಲ ಕೇಳಿ ಡಾಕ್ಟರು ಬೈಯಲಿಲ್ಲ. ಗಂಟು ಮುಟ್ಟಿ ನೋಡಿ, "ಸದ್ಯ ಏನೂ ಕೆಟ್ಟಿಲ್ಲ. ಆದ್ರ ಇನ್ನ ಮ್ಯಾಲ ತಪ್ಪಿಸಬ್ಯಾಡ್ರಿ. ಅಜ್ಜೀ, ಹರಕಿ ಹೊತ್ತವ್ರು ನೀವು, ಉಪವಾಸ ಮೊಮ್ಮಗಳಿಗ್ಯಾಕ? ಆಕಿ ಗುಳಿಗಿ ನುಂಗ್ಲಿ, ಉಪವಾಸ ನೀವ ಮಾಡ್ರಿ" ಎಂದರು.

"ಇದು ನನಗ ಹೊಳೀಲೇ ಇಲ್ಲ ನೋಡ್ರಿ" ಎಂದಳು ಅಜ್ಜಿ.

1965ರ ಬೇಸಿಗೆಗೆ ಔಷಧ ಮುಗಿಯಿತು. ಗಂಟು ಇದ್ದಲ್ಲಿ ಈಗ ಸಣ್ಣ ಕಲೆ ಮಾತ್ರ. ಗಿರಿಜಾ ಅದನ್ನು ಮರೆತಿದ್ದಾಳೆ. ನಾನು ಆ ದಿನಚರಿಯನ್ನು ಆಗಾಗ ತೆರೆಯುತ್ತೇನೆ. ಮೊದಲ ನಾಲ್ಕು ಸೋಮವಾರದ ಗೆರೆಗಳನ್ನು ಹೊಡೆದುಹಾಕಿದ್ದೇನೆ. ಆಮೇಲಿನ ಸೋಮವಾರಗಳಿಗೆಲ್ಲ ಎರಡೆರಡು ಗೆರೆ: ಒಂದು ಗಿರಿಜಾಳ ಗುಳಿಗೆಗೆ, ಇನ್ನೊಂದು ಅಜ್ಜಿಯ ಉಪವಾಸಕ್ಕೆ. ಎರಡನ್ನೂ ಕೇಳಿಯೇ ಎಳೆದದ್ದು.