ಲಕ್ಷ್ಮಿ ಹೋಗುವ ಕಿಂಡಿ

ಇಳಕಲ್ಲಿನ ನಮ್ಮ ಮನೆ ಇವತ್ತೂ ಮಾರಾಟವಾಗಲಿಲ್ಲ ನೋಡ್ರಪಾ. ಕೊಳ್ಳಲು ಬಂದ ಅಮೀನಗಡದ ಮಾಸ್ತರರು ಬಚ್ಚಲಿನ ಗ್ಯಾಸ್ ಬಾಯ್ಲರ್ ಪರೀಕ್ಷಿಸಲು ಮಿಸ್ತ್ರಿಯೊಬ್ಬನನ್ನು ಕರೆತಂದಿದ್ದರು. ಅವನು ಒಳಗೆ ಇಣುಕಿದವನೇ, "ಗಾಳಿ ಆಡಾಕ ಒಂದ್ ಕಿಂಡಿ ಇಲ್ಲ. ಬಾಗಲಾ ಹಾಕ್ಕೊಂಡು ಜಳಕಾ ಮಾಡಿದ್ರ ಹೆಣಾ ಬೀಳ್ತಾವ್ರಿ. ಇದು ಫೇಲ್!" ಎಂದ.

ಮಾಸ್ತರರು ನನ್ನ ಕಡೆ ತಿರುಗಿ, "ಏನ್ ಆಯಿ, ನಮ್ಮನ್ನ ಕೊಲ್ಲಾಕ ನಿಂತಿಯೇನು?" ಎಂದರು.

"ಕಿಂಡಿ ಇತ್ರಿ ಮಾಸ್ತರ. ಅದರಾಗಿಂದ ಲಕ್ಷ್ಮಿ ಹೊರಗ ಹೋಗ್ತಾಳ ಅಂತ ಹ್ವಾದ ವಾರ ನೀವು ಕಳಿಸಿದ್ದ ವಾಸ್ತು ನೋಡಾಂವನ ನಿಂತು ಇಟ್ಟಂಗಿ ಹಚ್ಚಿಸ್ಯಾನ" ಎಂದೆ.

ಮಾಸ್ತರರು ಅಲ್ಲೇ ವಾಸ್ತುವಿನವನಿಗೆ ಫೋನ್ ಹಚ್ಚಿದರು. "ಇಟ್ಟಂಗಿ ತಗೀಬ್ಯಾಡ್ರಿ" ಎಂದು ಫೋನಿನಲ್ಲಿ ಅವನು, "ತಗೀಲೇಬೇಕ್ರಿ" ಎಂದು ಇಲ್ಲಿ ಮಿಸ್ತ್ರಿ. ಮಾಸ್ತರರು ವಿಚಾರ ಮಾಡಿ ಹೇಳುತ್ತೇನೆಂದು ಚಪ್ಪಲಿ ಮೆಟ್ಟಿದರು.

ಕಿಂಡಿ ಮುಚ್ಚಿದ್ದಕ್ಕೆ ಲಕ್ಷ್ಮಿ ಒಳಗೇ ಉಳಿದಳೋ ಏನೋ, ಗಿರಾಕಿಯಂತೂ ಬಾಗಿಲಿನಿಂದಲೇ ಹೋದ.