ಬಾಯಿ ನೋಡದೆ ಬಂದ ಚೀಟಿ

"ಹಾರ್ಟಿನ ಆಪರೇಷನ್ನಿಗೆ ಹಲ್ಲು ಯಾಕ ತೋರಸಬೇಕಣ್ಣಾ? ಟ್ರ್ಯಾಕ್ಟರ್ ಇಂಜಿನ್ ರಿಪೇರಿಗೆ ಒಯ್ದಾಗ ಯಾರರೆ ಸೀಟ್ ತೋರಸ್ತಾರೇನು?"

ಹೀಗೆ ಕೇಳಿದವನು ನನ್ನ ಸೋದರತ್ತೆಯ ಮಗ ಸಿದ್ದಣ್ಣ. ಇಂಡಿಯಲ್ಲಿ ಹೈಸ್ಕೂಲ್ ಮಾಸ್ತರ (ಸೈನ್ಸ್ ಕಲಿಸುತ್ತಾನೆ, ದೇವರೇ ಕಾಪಾಡಬೇಕು).

ಅವನ ತಾಯಿ, ತಾಂಬಾದಲ್ಲಿರುವ ಗಂಗತ್ತೆಗೆ ಹೃದಯದ ಕವಾಟವೊಂದು ಗಟ್ಟಿಯಾಗಿ ಬಿಗಿದುಕೊಂಡಿದೆ. ಪಡಸಾಲೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಾಳೆ. ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದಲೇ ಹೊಸ ವಾಲ್ವ್ ಕೂರಿಸುತ್ತೇವೆ, ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಬಾಯಿ ಸರಿ ಇದೆ ಎಂಬ ಚೀಟಿ ತನ್ನಿ, ತಡ ಮಾಡಬೇಡಿ ಎಂದಿದ್ದರು ಸೊಲ್ಲಾಪುರದ ಡಾಕ್ಟರು.

ಸಿದ್ದಣ್ಣ ಮೊಬೈಲಿನಲ್ಲಿ ವಿಡಿಯೋ ನೋಡಿ ಪಂಡಿತನಾಗಿದ್ದ. "ಮೊದಲ ಬಲೂನ್ ಹಾಕಿ ಹಳೇ ವಾಲ್ವ್ ಹಿಗ್ಗಸ್ತಿದ್ರು. ಈಗ ಎಷ್ಟೋ ಮಂದಿಗೆ ಅದೂ ಬ್ಯಾಡಂತ, ಸೀದಾ ಕೂಡಸೂದು. ಇನ್ನ ಹಲ್ಲಿಂದೇನ್ ಹಚ್ಚೀರಿ?"

ಹಾಗಂತ ನಮ್ಮ ಮನೆತನದಲ್ಲಿ ಸಿದ್ಧತೆಗೇನು ಕಡಿಮೆಯೇ? ಅಮಾವಾಸ್ಯೆ ದಾಟಲಿ ಎಂದು ಮೂರು ದಿನ ಕಾದೆವು. ಮುದ್ದೇಬಿಹಾಳದ ಬೀಗರೆಲ್ಲ ಬಂದು, ಬಾಳೆಹಣ್ಣು ಕೊಟ್ಟು, ಚಹಾ ಕುಡಿದು, ಅತ್ತು ಹೋದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಚೀಲ ತುಂಬಿದವು. ಹಲ್ಲಿಗೆ ಮಾತ್ರ ಪುರುಸೊತ್ತಿಲ್ಲ.

ಚೀಟಿ ತಂದವನು ಯಾರು? ನಾನೇ. ವಶೀಲಿಬಾಜಿಯ ವಿರುದ್ಧ ಇದೇ ಅಂಕಣದಲ್ಲಿ ಕುಟ್ಟಿ ಬರೆದವನು (ನೀವೂ ತಲೆದೂಗಿದ್ದಿರಿ). ಸಿಂದಗಿಯ ಪರಿಚಯದ ಹಲ್ಲಿನ ಡಾಕ್ಟರಿಗೆ ಫೋನ್ ಹಚ್ಚಿ, "ನಮ್ಮತ್ತಿ ಹಲ್ಲು ಗಟ್ಟಿ ಅದಾವ್ರಿ, ಒಂದ್ ಸಹಿ ಹಾಕ್ರಿ" ಅಂದೆ. ಪುಣ್ಯಾತ್ಮ ಹಾಕಿಬಿಟ್ಟ.

ಸೊಲ್ಲಾಪುರದಲ್ಲಿ ಡಾಕ್ಟರು ಚೀಟಿಯನ್ನು ಪಕ್ಕಕ್ಕಿಟ್ಟು ಟಾರ್ಚ್ ಹಿಡಿದರು. "ಬಾಯಿ ತಗೀರಿ ಆಯಿ." ಹಿಂದಿನ ದವಡೆ ಹಲ್ಲಿನ ಬುಡದಲ್ಲಿ ಕೀವು.

ಸಿದ್ದಣ್ಣ ತನ್ನ ಬಲೂನ್ ಪುರಾಣ ತೆಗೆದ.

"ಬಲೂನ್ ಬೇಕೋ ಬ್ಯಾಡೋ ಅನ್ನೂದು ಸ್ಕ್ಯಾನ್ ನೋಡಿ ನಾವ್ ಹೇಳ್ತೇವ್ರಿ ಮಾಸ್ತರ" ಎಂದರು ಡಾಕ್ಟರು. "ಈ ಸೋಂಕು ರಕ್ತಕ್ಕ ಸೇರಿ ಹೊಸ ವಾಲ್ವಿಗೆ ಹತ್ತಿದ್ರ ಜೀವಕ್ಕ ಅಪಾಯ. ಹಲ್ಲು ಕೀಳಿಸಿ, ಗಾಯ ಮಾಯ್ದ ಮ್ಯಾಲೆ ಕರ್ಕೊಂಡ್ ಬರ್ರಿ."

ವಾಪಸ್ ಬರುವಾಗ ಕಾರಿನಲ್ಲಿ ಅತ್ತೆ ಏದುಸಿರು ಬಿಡುತ್ತಿದ್ದಳು. ಹಲ್ಲು ದೀಪಾವಳಿಯಿಂದಲೇ ನೋಯುತ್ತಿತ್ತಂತೆ. ಲವಂಗ ಒತ್ತಿಕೊಂಡು ಸುಮ್ಮನಿದ್ದಳಂತೆ.

"ಮತ್ತ ಹೇಳಬಾರದೇನವಾ?" ಸಿದ್ದಣ್ಣ ಗದರಿದ.

"ನನ್ನ ಯಾರ್ ಕೇಳೀರಿ?" ಎಂದಳು.

ನಾಚಿಕೆಯಿಂದ ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಹಲ್ಲು ಕಿತ್ತಾಯಿತು. ಗಾಯ ಮಾಯುವ ತನಕ ಅತ್ತೆಯ ಹೃದಯ ತಾಳೀತೇ? ತಾಳುತ್ತದೆ ಅಂತ ಈಗ ಯಾರ ಹತ್ತಿರ ಸಹಿ ಹಾಕಿಸಿ ತರಲಿ?